ಕುಂಟುವ ನಾಯಿಯೂ ಐದು ಅತಿಚಾರಗಳೂ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆದು ನೋಯಿಸುವುದು, ಅಂಗವನ್ನು ಕತ್ತರಿಸುವುದು, ಹೊರಲಾರದಷ್ಟು ಭಾರವನ್ನು ಹೊರಿಸುವುದು, ಅನ್ನನೀರನ್ನು ತಡೆಯುವುದು. ಗಾಡಿಯ ಎತ್ತು, ಕೊಟ್ಟಿಗೆಯ ಹಸು, ಮನೆಯ ಆಳು ಇವರನ್ನು ಕಣ್ಣ ಮುಂದಿಟ್ಟುಕೊಂಡು ಪ್ರವಚನಗಳಲ್ಲಿ ಇವುಗಳನ್ನು ವಿವರಿಸುವುದು ರೂಢಿ. ಆದರೆ ಕಾಲು ಸೊಟ್ಟಗಾದ ಒಂದು ಬೀದಿನಾಯಿ ಶ್ರಾವಕನ ಮನೆಯ ಅಂಗಳಕ್ಕೆ ಬಂದಾಗ ಈ ಐದೂ ಮಾತುಗಳು ಬೇರೊಂದು ಪ್ರಶ್ನೆಯಾಗಿ ಎದುರು ನಿಲ್ಲುತ್ತವೆ. ಏಕೆಂದರೆ ಅದರ ಚಿಕಿತ್ಸೆಯೆಂಬುದು ಹೊರನೋಟಕ್ಕೆ ಈ ಐದು ಅತಿಚಾರಗಳಂತೆಯೇ ಕಾಣುತ್ತದೆ.

ಹುಬ್ಬಳ್ಳಿಯ ಒಂದು ವ್ಯಾಪಾರಿ ಕುಟುಂಬದಲ್ಲಿ ಇಂಥ ಪ್ರಸಂಗ ಒದಗಿತು. ಅಂಗಡಿಯ ಹಿಂದಿನ ಓಣಿಯಲ್ಲಿದ್ದ ಹೆಣ್ಣು ಮರಿಯೊಂದನ್ನು ಮೊಮ್ಮಗಳು ಮನೆಗೆ ತಂದಳು. ಅದರ ಬಲ ಮುಂಗಾಲು ಬಿಲ್ಲಿನಂತೆ ಬಾಗಿ, ಪಾದ ಹೊರಕ್ಕೆ ತಿರುಗಿತ್ತು. ಮನೆಯ ಹಿರಿಯರು, ವ್ರತನಿಯಮಗಳಲ್ಲಿ ಶ್ರದ್ಧೆಯುಳ್ಳವರು, ಮರಿಗೆ ಹಾಲು ಅನ್ನ ಹಾಕಿಸಿ, “ಪಾಪ, ಅದರ ಕರ್ಮ, ನಾವು ಅನ್ನ ಹಾಕೋಣ, ಸಾಕು” ಎಂದರು. “ಅಜ್ಜಾ, ಕರ್ಮ ಅದರದು ಇರಬಹುದು. ಕಣ್ಣು ನಮ್ಮವು ಅಲ್ಲವೇ?” ಎಂದು ಮೊಮ್ಮಗಳು ಕೇಳಿದಳು. ಆ ಮಾತಿಗೆ ಹಿರಿಯರು ಉತ್ತರ ಕೊಡಲಿಲ್ಲ; ಮರುದಿನ ಪಶುವೈದ್ಯರಿಗೆ ಹೇಳಿಕಳುಹಿಸಿದರು.

ಮೊಮ್ಮಗಳ ಮಾತಿನಲ್ಲಿ ಸಿದ್ಧಾಂತಕ್ಕೆ ವಿರೋಧವೇನೂ ಇಲ್ಲ. ಪ್ರಾಣಿಯ ನೋವು ಅದರ ಅಸಾತಾವೇದನೀಯ ಕರ್ಮದ ಉದಯವೆಂಬುದು ನಿಜವಾದರೂ, ಕಂಡವನ ಉಪೇಕ್ಷೆಯಿಂದಾಗುವ ಆಸ್ರವ ಕಂಡವನದೇ. ಒಬ್ಬನ ಖಾತೆಯ ಖರ್ಚನ್ನು ತೋರಿಸಿ ಇನ್ನೊಬ್ಬನು ತನ್ನ ಬಾಕಿಯನ್ನು ತೀರಿಸಲಾರನು. ಭಾಸ್ಕರ ಕವಿಯ ‘ಜೀವಂಧರ ಚರಿತೆ’ಯಿಂದ ಕನ್ನಡಿಗರಿಗೆ ಪರಿಚಿತನಾದ ಜೀವಂಧರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದ ಕಥೆ ಪ್ರಸಿದ್ಧವಾಗಿದೆ. ಆ ನಾಯಿ ಚಿಕಿತ್ಸೆಯನ್ನು ಮೀರಿತ್ತು. ಉಳಿದಿದ್ದ ಉಪಕಾರ ಅದೊಂದೇ. ಚಿಕಿತ್ಸೆಗೆ ಎಟುಕುವ ಜೀವಕ್ಕೆ ಮಂತ್ರವನ್ನಷ್ಟೇ ಹೇಳಿ ಎದ್ದುಹೋಗಬೇಕೆಂದು ಆ ಕಥೆ ಕಲಿಸುವುದಿಲ್ಲ.

ಹಣ ಕೊಟ್ಟು ತಂದ ಜಾತಿನಾಯಿಯಾದರೆ ತಾಯಿತಂದೆಗಳ ಸೊಂಟದ ಎಕ್ಸ್-ರೇ ತೋರಿಸೆಂದು ಮಾರುವವನನ್ನು ಕೇಳಬಹುದು. ಬೀದಿಯಿಂದ ಬಂದ ಜೀವಕ್ಕೆ ಪೂರ್ವಚರಿತ್ರೆಯಿಲ್ಲ, ದೇಹವೊಂದೇ ದಾಖಲೆ. ಆ ದಾಖಲೆಯನ್ನು ಓದುವುದಕ್ಕೆ ಒಂದು ಕ್ರಮವಿದೆ. ವೈದ್ಯರು ಮರಿಯನ್ನು ಮೊದಲು ಮುಟ್ಟಲೇ ಇಲ್ಲ. ಅಂಗಳದಲ್ಲಿ ನಡೆಸಿ, ಬಳಿಕ ಮೆಲ್ಲಗೆ ಓಡಿಸಿ, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಿದರು. ನಾಯಿಯ ದೇಹಭಾರದ ಸುಮಾರು 60 ಭಾಗ ಮುಂಗಾಲುಗಳ ಮೇಲೂ 40 ಭಾಗ ಹಿಂಗಾಲುಗಳ ಮೇಲೂ ಬೀಳುತ್ತದೆ. ಆದ್ದರಿಂದ ನೋವಿರುವ ಮುಂಗಾಲು ನೆಲ ಮುಟ್ಟಿದೊಡನೆ ನಾಯಿ ತಲೆಯನ್ನು ಮೇಲೆತ್ತುತ್ತದೆ. ಗಟ್ಟಿಯಾದ ಕಾಲು ಊರಿದಾಗ ತಲೆ ತಗ್ಗುತ್ತದೆ. ಹಿಂಗಾಲಿನ ನೋವಾದರೆ ಸೊಂಟದ ಏರಿಳಿತದಲ್ಲಿ ಕಾಣುತ್ತದೆ. ಎರಡು ಹಿಂಗಾಲುಗಳನ್ನೂ ಕೂಡಿಸಿ ಮೊಲದಂತೆ ಕುಪ್ಪಳಿಸಿದರೆ ಸೊಂಟದ ಕೀಲಿನ ಸಡಿಲಿಕೆಯನ್ನು ಶಂಕಿಸಬೇಕು. ನಾಲ್ಕು ಹೆಜ್ಜೆ ಸರಿಯಾಗಿ ನಡೆದು ಒಂದು ಹೆಜ್ಜೆಗೆ ಮಾತ್ರ ಹಿಂಗಾಲನ್ನು ಎತ್ತಿ ಹಾರಿಸಿದರೆ ಮಂಡಿಚಿಪ್ಪು ಜಾರುತ್ತಿರಬಹುದು.

ಆಮೇಲೆ ಕೈಯ ಪರೀಕ್ಷೆ. ನೋವಿಲ್ಲದ ಕಾಲಿನಿಂದ ಆರಂಭಿಸಿ ನೋವಿನ ಕಾಲನ್ನು ಕೊನೆಗೆ ಇಡಬೇಕು. ಪಾದದ ಮೆತ್ತೆ, ಉಗುರು, ಬೆರಳುಗಳ ಸಂದಿಯಿಂದ ತೊಡಗಿ ಮೇಲಕ್ಕೆ ಹೋಗಬೇಕು. ಎಷ್ಟೋ ಕುಂಟಿಗೆ ಒಂದು ಮುಳ್ಳೇ ಕಾರಣ. ನೋವಿನಲ್ಲಿರುವ ಎಂಥ ಸಾಧುನಾಯಿಯೂ ಕಚ್ಚಬಹುದಾದುದರಿಂದ ಅರಿವೆಯ ಪಟ್ಟಿಯಿಂದ ಮೂತಿಯನ್ನು ಕಟ್ಟುವುದು ಕ್ರೌರ್ಯವಲ್ಲ. ಅಪರಿಚಿತ ನಾಯಿ ಹಿಂಗಾಲು ಎಳೆಯುತ್ತ, ದವಡೆ ಜೋತುಬಿದ್ದು ಜೊಲ್ಲು ಸುರಿಸುತ್ತಿದ್ದರೆ ಅದನ್ನು ಮುಟ್ಟಲೇಬಾರದು. ರೇಬಿಸ್ ರೋಗಕ್ಕೆ ಪಾರ್ಶ್ವವಾಯುವಿನಂತೆ ತೋರುವ ರೂಪವೂ ಉಂಟು. ಪರೀಕ್ಷೆಯಲ್ಲಿ ವೈದ್ಯರು ಕೀಲನ್ನು ಒಮ್ಮೆ ಒತ್ತಿದಾಗ ಮರಿ ಕುಂಯ್ ಎಂದಿತು. ಆ ಒಂದು ನೋವಿಗೆ ಪ್ರಯೋಜನವಿತ್ತು. ಮನೆಗೆ ಬಂದವರೆಲ್ಲ ಕುತೂಹಲದಿಂದ ಅದೇ ಕಾಲನ್ನು ಎಳೆದೆಳೆದು ನೋಡಿದ್ದು ಮಾತ್ರ ‘ವಧ’ವೆಂಬ ಅತಿಚಾರದ ಅಂಚಿನದು.

ಕಾಲು ಬಾಗಲು ಕಾರಣ ಒಂದೇ ಅಲ್ಲ. ಬರಿಯ ಅನ್ನ ಅಥವಾ ಬರಿಯ ಮಾಂಸ ತಿಂದು ಬೆಳೆದ ಮರಿಗಳಲ್ಲಿ ಸುಣ್ಣದ ಅಂಶ ಸಾಲದೆ ಎಲುಬು ಮೆದುವಾಗುತ್ತದೆ. ಬಿಸಿಲಿಗೆ ಬಿಟ್ಟರೆ ಸರಿಹೋದೀತೆಂದು ಹೇಳುವವರುಂಟು. ಆದರೆ ಮನುಷ್ಯರಂತೆ ಬಿಸಿಲಿನಿಂದ ಸಾಕಷ್ಟು ‘ಡಿ’ ಜೀವಸತ್ತ್ವವನ್ನು ತಯಾರಿಸಿಕೊಳ್ಳುವ ಶಕ್ತಿ ನಾಯಿಯ ಚರ್ಮಕ್ಕಿಲ್ಲ, ಅದು ಆಹಾರದಿಂದಲೇ ಬರಬೇಕು. ಹಾಗೆಂದು ಕ್ಯಾಲ್ಸಿಯಂ ಮಾತ್ರೆಗಳನ್ನು ಮನಬಂದಂತೆ ಕೊಟ್ಟರೆ, ಹೆಚ್ಚಾದುದನ್ನು ತಡೆಯಲಾರದ ದೊಡ್ಡ ತಳಿಯ ಮರಿಗಳಲ್ಲಿ ಎಲುಬು ಇನ್ನೊಂದು ಬಗೆಯಲ್ಲಿ ಕೆಡುತ್ತದೆ. ಸಸ್ಯಾಹಾರಿ ಮನೆಯಲ್ಲಿ ನಾಯಿಯನ್ನು ಸಾಕಲು ಸಾಧ್ಯ. ಆದರೆ ಉಳಿದ ಅನ್ನ, ಮಜ್ಜಿಗೆ, ಚಪಾತಿಯ ಚೂರು ಇವೇ ಸಮತೋಲದ ಆಹಾರವೆಂದು ತಿಳಿಯಬಾರದು, ವೈದ್ಯರ ಸಲಹೆಯಂತೆ ಆಹಾರವನ್ನು ಹೊಂದಿಸಬೇಕು. ಇನ್ನು ಉಣ್ಣೆಗಳಿಂದ ಬರುವ ಜ್ವರದಲ್ಲಿ ಕೀಲುಗಳು ಬಾತುಕೊಂಡು ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುವುದುಂಟು. ಅದಕ್ಕೆ ರಕ್ತಪರೀಕ್ಷೆ ಬೇಕು, ಎಣ್ಣೆ ತಿಕ್ಕಿದರೆ ಹೋಗದು.

ಹುಬ್ಬಳ್ಳಿಯ ಮರಿಯ ಹಲ್ಲುಗಳನ್ನು ನೋಡಿ ವೈದ್ಯರು ಅದಕ್ಕೆ ಸುಮಾರು ಐದು ತಿಂಗಳೆಂದರು. ಎಕ್ಸ್-ರೇ ಉಳಿದುದನ್ನು ಹೇಳಿತು. ಮುಂಗಾಲಿನ ಕೆಳಭಾಗದಲ್ಲಿ ಜೋಡಿ ಎಲುಬುಗಳಿವೆ. ತುದಿಯ ಸಮೀಪದ ಮೆದು ಫಲಕಗಳಿಂದ ಅವು ಉದ್ದವಾಗುತ್ತವೆ. ಎಂದೋ ಬಿದ್ದ ಪೆಟ್ಟಿನಿಂದ ಒಂದು ಎಲುಬಿನ ಕೆಳಗಿನ ಫಲಕ ಅಕಾಲದಲ್ಲಿ ಮುಚ್ಚಿಹೋಗಿ ಅದರ ಬೆಳವಣಿಗೆ ನಿಂತಿತ್ತು. ಜೊತೆಯ ಎಲುಬು ಬೆಳೆಯುತ್ತಲೇ ಇದ್ದುದರಿಂದ, ಹೆದೆಯೆಳೆದ ಬಿಲ್ಲಿನಂತೆ ಕಾಲು ಬಾಗಿತ್ತು. ಬೆಳವಣಿಗೆ ಇನ್ನೂ ಉಳಿದಿರುವಾಗಲೇ ಗಿಡ್ಡ ಎಲುಬಿನ ಒಂದು ತುಂಡನ್ನು ತೆಗೆದು ಎಳೆತವನ್ನು ಬಿಡಿಸಿದರೆ ಕಾಲು ಬಹುಮಟ್ಟಿಗೆ ಸುಧಾರಿಸಬಹುದು. ಮುಂದಿನ ಕೆಲವು ತಿಂಗಳಲ್ಲಿ ಬೆಳವಣಿಗೆ ಮುಗಿದರೆ ಆ ಅವಕಾಶ ಮತ್ತೆ ಬಾರದು, ಮೊಣಕೈ ಕೀಲೂ ಕೆಡುತ್ತದೆ ಎಂದು ವೈದ್ಯರು ತಿಳಿಸಿದರು.

ಹಿರಿಯರಿಗೆ ನಿಜವಾದ ಸಂಕಟ ಬಂದದ್ದು ಇಲ್ಲಿ. ಜೀವಂತ ಪ್ರಾಣಿಯ ಎಲುಬನ್ನು ಕತ್ತರಿಸಲು ತಾವೇ ಹಣ ಕೊಡುವುದು ‘ಛೇದ’ವಾಗಲಿಲ್ಲವೇ? ಆ ಜೀವದ ಒಪ್ಪಿಗೆಯನ್ನು ಕೇಳುವಂತಿಲ್ಲ. ಅದು ಶಸ್ತ್ರಕ್ರಿಯೆಯಲ್ಲೇ ಸತ್ತರೆ ಯಾರು ಹೊಣೆ? ಎರಡು ದಿನ ಅವರು ನಿರ್ಧಾರವನ್ನು ಮುಂದೂಡಿದರು. ಮುಂದೂಡಿದ ದಿನಗಳೂ ಮರಿಯ ಬಾಳಿನಿಂದಲೇ ಖರ್ಚಾಗುತ್ತಿದ್ದವೆಂಬುದು ಎಕ್ಸ್-ರೇಯನ್ನು ಮತ್ತೆ ನೋಡಿದಾಗ ಅವರಿಗೆ ಹೊಳೆಯಿತು. ಸೂತ್ರಕಾರರು ಹಿಂಸೆಯ ಲಕ್ಷಣವನ್ನು ಪ್ರಮಾದದ ಯೋಗದೊಂದಿಗೆ ಕೂಡಿಸಿ ಹೇಳಿದ್ದಾರೆ. ಕೋಪದಿಂದ, ಲೋಭದಿಂದ, ಅಜಾಗರೂಕತೆಯಿಂದ ಹಿಡಿದ ಕತ್ತಿ ಬೇರೆ. ಅರಿತು, ಅಳೆದು, ಅರಿವಳಿಕೆ ಕೊಟ್ಟು, ಆ ಜೀವದ ಹಿತಕ್ಕಾಗಿಯೇ ಹಿಡಿದ ಕತ್ತಿ ಬೇರೆ. ಪರೀಕ್ಷೆಯಿಲ್ಲದೆ ಕತ್ತರಿಸುವುದು ಪ್ರಮಾದವಾದಂತೆ, ಪರೀಕ್ಷೆ ಸ್ಪಷ್ಟವಾದ ಮೇಲೂ ಭಯದಿಂದ ಕೈಕಟ್ಟಿ ಕೂರುವುದೂ ಪ್ರಮಾದವೇ. ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ನಡೆಯಿತು.

ಮುಂದಿನ ವಾರಗಳು ಉಳಿದ ಅತಿಚಾರಗಳ ಪಾಠವಾದವು. ಮರಿಯನ್ನು ಸಣ್ಣ ಕಟಕಟೆಯೊಳಗೆ ಇಡಬೇಕಾಯಿತು. ಅದು ಅತ್ತಾಗಲೆಲ್ಲ ಬಿಟ್ಟುಬಿಡುವುದೇ ದಯೆಯೆಂದು ಮನೆಯವರಿಗೆ ತೋರುತ್ತಿತ್ತು. ಆದರೆ ಅಲ್ಲಿ ಬಂಧವೇ ರಕ್ಷೆ. ನುಣುಪಾದ ಗ್ರಾನೈಟ್ ನೆಲದ ಮೇಲೆ ಸೆಣಬಿನ ಚಾಪೆ ಹಾಸಿದರು. ಕಠಿಣವಾದದ್ದು ಊಟದ ಮಿತಿ. ಅಜ್ಜಿಯ ಕೈಯಿಂದ ತುಪ್ಪದ ಚೂರು ಜಾರುವುದು ನಿಲ್ಲಲೇ ಒಲ್ಲದು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಬಾಳಿನುದ್ದಕ್ಕೂ ಗಮನಿಸಿದ್ದರು. ಜೋಡಿ ನಾಯಿಗಿಂತ 25 ಭಾಗ ಕಡಿಮೆ ಆಹಾರ ಪಡೆದವು ಸರಾಸರಿ ಎರಡು ವರ್ಷಗಳಷ್ಟು ಹೆಚ್ಚು ಬಾಳಿದವು. ಅವುಗಳ ಕೀಲುರೋಗವೂ ತಡವಾಗಿ ಬಂದಿತು. ಹಸಿವಿನಿಂದ ಕೊರಗಿಸುವುದು ಅನ್ನಪಾನನಿರೋಧ. ಅಳತೆಯರಿತು ಬಡಿಸುವುದು ಅದಲ್ಲ. ಅಳತೆ ಮೀರಿ ತಿನ್ನಿಸಿ, ಆ ಕೊಬ್ಬನ್ನು ಸೊಟ್ಟ ಕಾಲಿನ ಮೇಲೆ ಹೊರಿಸುವುದೇ ಅತಿಭಾರಾರೋಪಣ.

ಔಷಧದಲ್ಲೂ ಇದೇ ವಿವೇಕ ಬೇಕು. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಜಾನುವಾರುಗಳ ನೋವಿಗೆಂದು ಕೊಟ್ಟ ಡೈಕ್ಲೊಫೆನಾಕ್, ಅವುಗಳ ಕಳೇಬರ ತಿಂದ ರಣಹದ್ದುಗಳನ್ನು ದೇಶದಾದ್ಯಂತ ಕೊಂದಿತು. ಅದರ ಪಶುಬಳಕೆಯನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಒಂದು ಜೀವದ ನೋವನ್ನು ಕಳೆಯುವ ಸದಿಚ್ಛೆ, ಜ್ಞಾನದ ಜೊತೆಯಿಲ್ಲದಾಗ, ಇನ್ನೊಂದು ಜೀವಕುಲಕ್ಕೆ ಮೃತ್ಯುವಾದ ಉದಾಹರಣೆ ಇದು.

ಆ ಮರಿಯ ಕಾಲು ಪೂರ್ತಿ ನೆಟ್ಟಗಾಗಲಿಲ್ಲ. ಈಗಲೂ ತುಸು ಕುಂಟುತ್ತದೆ; ಆದರೆ ಕಾಲೂರಿ ಓಡುತ್ತದೆ, ಮುಟ್ಟಿದರೆ ನರಳುವುದಿಲ್ಲ. ಚಿಕಿತ್ಸೆಯ ಗುರಿ ಕಣ್ಣಿಗೆ ಅಂದವಾದ ಕಾಲಲ್ಲ, ನೋವಿಲ್ಲದ ನಡೆ.

ಬಸದಿಗಳ ಟ್ರಸ್ಟುಗಳು, ಗೋಶಾಲೆ ಪಾಂಜರಪೋಳಗಳ ವ್ಯವಸ್ಥಾಪಕರು ಇಷ್ಟನ್ನಾದರೂ ಮಾಡಬಹುದು. ಅನ್ನದಾನದ ನಿಧಿಯ ಜೊತೆಗೆ ಎಕ್ಸ್-ರೇ ಮತ್ತು ಶಸ್ತ್ರಕ್ರಿಯೆಗೆ ಪ್ರತ್ಯೇಕ ನಿಧಿಯನ್ನಿಡುವುದು. ಬಂದ ಪ್ರತಿ ಜೀವಕ್ಕೂ ಬಂದ ದಿನವೇ ಒಂದು ಪುಟವನ್ನು ತೆರೆದು ಅಂದಾಜು ವಯಸ್ಸು, ತೂಕ, ಯಾವ ಕಾಲು, ಯಾವ ಕೀಲು ಎಂಬುದನ್ನು ಬರೆದಿಟ್ಟು ವಾರಕ್ಕೊಮ್ಮೆ ಹೋಲಿಸುವುದು. ಮುಟ್ಟುವ ಕೆಲಸಗಾರರಿಗೆ ರೇಬಿಸ್ ಲಸಿಕೆ ಹಾಕಿಸುವುದು. ಅಂಗಡಿಯ ಕಿರ್ದಿಯನ್ನು ದಿನವೂ ಬರೆಯುವ ಸಮಾಜಕ್ಕೆ ಇದು ಹೊರೆಯಲ್ಲ. ದಯೆ ನಮ್ಮಲ್ಲಿ ಧಾರಾಳವಾಗಿದೆ; ಅದಕ್ಕೆ ಪರೀಕ್ಷೆಯ ಕಣ್ಣೂ ಸಮಯದ ಪ್ರಜ್ಞೆಯೂ ಕೂಡಿಬಂದಾಗ ಮಾತ್ರ ಅದು ಬಾಗಿದ ಒಂದು ಕಾಲನ್ನು ನಿಜವಾಗಿ ತಲುಪುತ್ತದೆ.