ಸಜ್ಜೆಯ ತವರಿಗೆ ಹೊರಟವರಿಗೆ

ಬೀಳಗಿ ತಾಲೂಕಿನ ಬಾಡಗಂಡಿಯ ಸೀಮೆಯಲ್ಲಿ ಸಂಕ್ರಮಣವು ಬಂದಿತೆಂದರೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಬೇಕೇ ಬೇಕು. ಆದರೆ ಈ ಸಜ್ಜೆಯ ತವರು ಯಾವದೆಂಬುದು ರೊಟ್ಟಿ ಬಡಿಯುವ ಎಷ್ಟು ಜನ ತಾಯಂದಿರಿಗೆ ಗೊತ್ತು? ಸುಮಾರು ೪,೫೦೦ ವರ್ಷಗಳ ಹಿಂದೆ ಪಶ್ಚಿಮ ಆಫ್ರಿಕೆಯಲ್ಲಿ, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿದ್ದ ಒಕ್ಕಲಿಗರು ಕಾಡುಹುಲ್ಲೊಂದನ್ನು ಪಳಗಿಸಿ ಈ ಧಾನ್ಯವನ್ನು ಲೋಕಕ್ಕೆ ಕೊಟ್ಟರು. ಆ ಭಾಗದ ಘಾನಾ ದೇಶಕ್ಕೆ ಈಗ ವ್ಯಾಪಾರ, ನೌಕರಿಗಳ ಸಲುವಾಗಿ ಭಾರತೀಯರು ಹೋಗುತ್ತಿರುವರು. ಹಾಗೆ ಹೊರಟವರು ತಿಳಿದಿರತಕ್ಕ ನಾಲ್ಕು ಮಾತುಗಳನ್ನು ಇಲ್ಲಿ ಹೇಳುವೆವು.

ಘಾನಾ ಗಿನಿ ಕೊಲ್ಲಿಯ ದಂಡೆಯ ಮೇಲಿದೆ. ಆಂಗ್ಲರು ಅದನ್ನು ‘ಗೋಲ್ಡ್ ಕೋಸ್ಟ್’, ಅಂದರೆ ಬಂಗಾರದ ದಂಡೆ, ಎಂದು ಕರೆಯುತ್ತಿದ್ದರು. ೧೯೫೭ನೆಯ ಮಾರ್ಚ್ ೬ರಂದು ಅದು ಸ್ವತಂತ್ರವಾಯಿತು. ರಾಜಧಾನಿ ಅಕ್ರಾ, ನಾಣ್ಯ ಸೀಡಿ, ಕಚೇರಿಯ ಭಾಷೆ ಇಂಗ್ಲಿಷು, ಮನೆ ಪೇಟೆಗಳಲ್ಲಿ ಟ್ವಿ, ಗಾ, ಎವೆ ಮೊದಲಾದ ನುಡಿಗಳು. ನಮ್ಮಲ್ಲಿ ಸಂಜೆ ಐದೂವರೆಯಾದಾಗ ಅಲ್ಲಿ ನಡು ಮಧ್ಯಾಹ್ನ ಹನ್ನೆರಡು ಗಂಟೆ.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡು ಅದರ ಪ್ರಮಾಣಪತ್ರವನ್ನು ಸಂಗಡ ಒಯ್ಯತಕ್ಕದ್ದು. ಅದಿಲ್ಲದೆ ತಿರುಗಿ ಬಂದವರನ್ನು ನಮ್ಮ ದೇಶದಲ್ಲಿಯೂ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾದ ಭಯವೂ ಉಂಟು. ವೈದ್ಯರನ್ನು ಕೇಳಿ ಗುಳಿಗೆ ತೆಗೆದುಕೊಳ್ಳುವದು, ಸೊಳ್ಳೆಪರದೆಯಲ್ಲಿ ಮಲಗುವದು ಒಳಿತು.

ಇನ್ನು ನಡೆನುಡಿ. ಕೊಡುವದು, ಕೊಳ್ಳುವದು, ಉಣ್ಣುವದು ಎಲ್ಲವೂ ಬಲಗೈಯಿಂದಲೇ. ಇದನ್ನು ನಮ್ಮವರಿಗೆ ಕಲಿಸಬೇಕಾದುದಿಲ್ಲ. ಆದರೆ ಅಲ್ಲಿ ಎಡಗೈ ಎತ್ತಿ ದಾರಿ ತೋರಿಸುವದೂ ಅಗೌರವವೇ. ಹಲವರು ಕುಳಿತಿದ್ದರೆ ಬಲಗಡೆಯವರಿಂದ ಮೊದಲುಮಾಡಿ ಒಬ್ಬೊಬ್ಬರಿಗೂ ವಂದಿಸಬೇಕು. ಅಂಗಡಿಗೆ ಹೋದರೂ ಮೊದಲು ಕುಶಲಪ್ರಶ್ನೆ, ಆಮೇಲೆ ಬೆಲೆಯ ಮಾತು. ಆಕಾನ್ ಜನರ ಮನೆಗೆ ಅತಿಥಿ ಬಂದರೆ ಮೊದಲು ಕುಡಿಯಲು ನೀರು ಕೊಟ್ಟು, ಆಮೇಲೆ ಬಂದ ಕಾರಣವನ್ನು ಕೇಳುವರು. ಬೆಲ್ಲ ನೀರು ಕೊಟ್ಟು ಬೀಗರನ್ನು ಮಾತನಾಡಿಸುವ ನಮ್ಮ ಮನೆಗಳಿಗೆ ಇದು ಹೊಸತೆನಿಸದು. ಆ ಜನರಲ್ಲಿ ಮಗು ಹುಟ್ಟಿದ ವಾರದ ಹೆಸರನ್ನೇ ಇಡುವ ರೂಢಿಯುಂಟು. ಕ್ವಾಮೆ ಎಂದರೆ ಶನಿವಾರದವನು, ಕೋಫಿ ಎಂದರೆ ಶುಕ್ರವಾರದವನು.

ಇನ್ನೊಂದು ಸಾಮ್ಯವು ಮನಸ್ಸನ್ನು ಮುಟ್ಟುವಂಥದು. ೧೯೬೫ರಲ್ಲಿ ವೋಲ್ಟಾ ನದಿಗೆ ಅಕೊಸೊಂಬೊ ಎಂಬಲ್ಲಿ ಕಟ್ಟಿದ ಅಣೆಯು ಮುಗಿದು, ಅದರ ಹಿನ್ನೀರು ಸುಮಾರು ೮,೫೦೦ ಚದರ ಕಿಲೋಮೀಟರು ನೆಲವನ್ನು ಆವರಿಸಿತು. ಸುಮಾರು ೮೦,೦೦೦ ಜನರು ಊರು ಬಿಟ್ಟರು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ, ಮನೆ, ಗುಡಿಗಳನ್ನು ಕಳೆದುಕೊಂಡ ಬೀಳಗಿ, ಬಾಗಲಕೋಟೆಗಳ ಜನರಿಗೆ ಆ ದುಃಖವನ್ನು ಯಾರೂ ವಿವರಿಸಬೇಕಾದುದಿಲ್ಲ. ವೋಲ್ಟಾದ ದಂಡೆಯ ಮುದುಕನೊಬ್ಬನು ನೀರಿನತ್ತ ಕೈಮಾಡಿದರೆ ಅದರ ಅರ್ಥವು ನಮ್ಮವರಿಗೆ ಆದೀತು.

ಕಡೆಯದಾಗಿ ಒಂದು ಎಚ್ಚರಿಕೆ. ಘಾನಾದ ಸ್ವಾತಂತ್ರ್ಯದ ನಾಯಕರಾದ ಕ್ವಾಮೆ ಎನ್‌ಕ್ರುಮಾ ಅವರು ಗಾಂಧೀಜಿಯವರ ಮಾರ್ಗವನ್ನು ಮೆಚ್ಚಿದವರು. ಆದಾಗ್ಯೂ ೨೦೧೬ರಲ್ಲಿ ಅಕ್ರಾದ ವಿಶ್ವವಿದ್ಯಾಲಯದಲ್ಲಿ ಭಾರತವು ಇರಿಸಿದ ಗಾಂಧಿ ವಿಗ್ರಹವನ್ನು ೨೦೧೮ರ ಡಿಸೆಂಬರಿನಲ್ಲಿ ತೆಗೆಯಲಾಯಿತು. ಗಾಂಧೀಜಿಯವರು ತಾರುಣ್ಯದಲ್ಲಿ, ದಕ್ಷಿಣ ಆಫ್ರಿಕೆಯಲ್ಲಿದ್ದಾಗ, ಕರಿಯ ಜನರನ್ನು ಕುರಿತು ಬರೆದ ಹೀನ ಮಾತುಗಳನ್ನು ಅಲ್ಲಿಯ ಅಧ್ಯಾಪಕರು ಎತ್ತಿ ತೋರಿಸಿದ್ದರು. ಅಂಥ ಮಹಾತ್ಮರ ಮಾತೇ ನೂರು ವರ್ಷಗಳ ಮೇಲೆಯೂ ನೋಯಿಸಿತೆಂದರೆ ನಮ್ಮ ನಿಮ್ಮ ನಾಲಗೆಯ ಪಾಡೇನು? ಬಣ್ಣದ ಮೇಲಿಂದ ಮನುಷ್ಯನನ್ನು ಅಳೆಯುವ ಚಟವು ನಮ್ಮ ಮನೆಗಳಲ್ಲಿ ಹೆಣ್ಣು ನೋಡುವಾಗಲೂ ಇಣುಕುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗಬಾರದು, ಮನೆಯಲ್ಲಿಯೂ ಇಟ್ಟುಕೊಳ್ಳಬಾರದು.

ಮುಂದಿನ ಸಂಕ್ರಮಣಕ್ಕೆ ರೊಟ್ಟಿ ಬಡಿಯುವಾಗ ತಾಯಂದಿರು ಈ ಧಾನ್ಯದ ತವರನ್ನು ಮಕ್ಕಳಿಗೆ ಹೇಳಲಿ. ಉಂಡ ಮನೆಯನ್ನು ಮರೆಯದವರಿಗೆ ಆ ನಾಡಿನಲ್ಲಿ ಹೇಗೆ ನಡೆಯಬೇಕೆಂಬುದನ್ನು ಮತ್ತಾರೂ ಕಲಿಸಬೇಕಾಗದು.