ಅಧ್ಯಕ್ಷರು ಯಾರಾಗಬೇಕು?

ತನ್ನನ್ನು ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುವ ಉತ್ಸಾಹ ಇರುವಷ್ಟು ಕಾಲ ಮನುಷ್ಯನಿಗೆ ಮುಪ್ಪಿಲ್ಲವೆಂದು ನನ್ನ ನಂಬಿಕೆ. ಇದಕ್ಕೆ ನಿದರ್ಶನ ಬೇಕಾದವರು ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಗೆ ಹೋಗಿ ಅಲ್ಲಿಯ ಅರಳಿಕಟ್ಟೆಯ ಮೇಲೆ ಒಂದು ಸಂಜೆ ಕುಳಿತು ಬರಬಹುದು. ಅದು ನನ್ನ ತಾಯಿಯ ತವರು. ಅಲ್ಲಿ ನನ್ನ ಸೋದರಮಾವನಿದ್ದಾನೆ. ಎಪ್ಪತ್ತು ದಾಟಿದ ಮನುಷ್ಯ. ಎರಡು ಎಕರೆ ಹೊಲ, ಎರಡು ಹಸು, ಒಂದು ಪಕ್ಷ, ಇವು ಅವನ ಆಸ್ತಿ. ಮೊದಲಿನ ಎರಡರಿಂದ ಅಷ್ಟಿಷ್ಟು ಆದಾಯವುಂಟು. ಮೂರನೆಯದು ಕೇವಲ ಖರ್ಚಿನ ಬಾಬು.

2023ರ ದಸರಾ ಮುಗಿದ ಮಾರನೆಯ ದಿನ ನಾನು ಅಲ್ಲಿದ್ದೆ. ಮಳೆ ಕೈಕೊಟ್ಟ ವರ್ಷ. ಕಾವೇರಿ ನೀರಿಗಾಗಿ ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ಆಗಿತ್ತು. ರಾಗಿ ಒಣಗುತ್ತಿತ್ತು. ಆದರೆ ಕಟ್ಟೆಯ ಮೇಲೆ ಅಂದು ಮಳೆಯ ಮಾತಿರಲಿಲ್ಲ. ಇದ್ದದ್ದು ಒಂದೇ ಮಾತು: ಜನತಾದಳ ಜಾತ್ಯತೀತ ಪಕ್ಷಕ್ಕೆ ರಾಜ್ಯದ ಅಧ್ಯಕ್ಷರು ಯಾರಾಗಬೇಕು?

ವಾಚಕರಿಗೆ ನೆನಪಿರಬಹುದು. ಅದೇ ವರ್ಷ ಮೇ ತಿಂಗಳ ಚುನಾವಣೆಯಲ್ಲಿ ಆ ಪಕ್ಷ 37 ಸ್ಥಾನದಿಂದ 19ಕ್ಕೆ ಇಳಿಯಿತು. ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಮಾತುಕತೆಯಾಗಿ ಪಕ್ಷವು ಬಿಜೆಪಿಯ ಮೈತ್ರಿಕೂಟವನ್ನು ಸೇರಿತು. ಅದನ್ನು ಒಪ್ಪದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರನ್ನು ಅಕ್ಟೋಬರ್ 19ರಂದು ಸ್ಥಾನದಿಂದ ತೆಗೆದು, ಎಚ್.ಡಿ. ಕುಮಾರಸ್ವಾಮಿಯವರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಮಾಡಲಾಯಿತು. ಅಂದರೆ ಕಟ್ಟೆಯಲ್ಲಿ ಚರ್ಚೆ ನಡೆಯುವ ಹೊತ್ತಿಗೆ ತೀರ್ಮಾನವಾಗಿ ಆರು ದಿನಗಳೇ ಕಳೆದಿದ್ದವು. ನಾನು ಪೇಟೆಯ ಬುದ್ಧಿಯಿಂದ, "ಮಾವ, ಎಲ್ಲಾ ಮುಗಿದುಹೋಗಿದೆಯಲ್ಲ, ಇನ್ನು ಚರ್ಚೆ ಯಾತಕ್ಕೆ?" ಎಂದೆ.

ಮಾವ ನನ್ನನ್ನು ಕನಿಕರದಿಂದ ನೋಡಿದ. "ಹಂಗಾಮಿ ಅಂತ ಬರದವ್ರೆ ಅಳಿಯಾ. ಹಂಗಾಮಿ ಅಂದ್ರೆ ಇನ್ನೂ ಜಾಗ ಖಾಲಿ ಅದೆ ಅಂತಾನೆಯ."

ಹೀಗೆ ಹಂಗಾಮಿ ಎಂಬ ಒಂದು ಪದದ ಸಂದಿಯಲ್ಲಿ ಹದಿಮೂರು ಜನ ತೂರಿಕೊಂಡು ಕುಳಿತಿದ್ದರು.

ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳು ಕ್ಷೇತ್ರಗಳೂ ಆ ಪಕ್ಷದವು. 2023ರಲ್ಲಿ ಉಳಿದದ್ದು ಕೃಷ್ಣರಾಜಪೇಟೆಯೊಂದೇ. ಅದೂ ಸುಮ್ಮನೆ ಉಳಿದದ್ದಲ್ಲ. ಇಲ್ಲಿಂದ ಗೆದ್ದಿದ್ದ ಶಾಸಕರು 2019ರಲ್ಲಿ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಆ ಡಿಸೆಂಬರಿನ ಉಪಚುನಾವಣೆಯಲ್ಲಿ ಮತ್ತೆ ಗೆದ್ದರು. ಶಾಸಕರು ಹೋದರೂ ಇವರು ಹೋಗಲಿಲ್ಲ. ಬಾವುಟ ಮಡಿಸಿಟ್ಟುಕೊಂಡು ಮೂರೂವರೆ ವರ್ಷ ಕಾದು, 2023ರಲ್ಲಿ ಕ್ಷೇತ್ರವನ್ನು ಹಿಂದಕ್ಕೆ ತಂದರು. "ಆರು ಕಡೆ ಮುಳುಗೋಯ್ತು, ನಾವು ಒಂದು ಉಳುಸ್ಕೊಟ್ಟೋ. ಒಂದು ಮಾತು ನಮ್ಮ ಕೇಳಬಾರ್ದಾ?" ಇದು ಮಾವನ ಅಹವಾಲು. ಯಾರನ್ನು ಮಾಡಬೇಕೆಂಬುದು ಆಮೇಲಿನ ಮಾತು. ಕೇಳಬೇಕಾಗಿತ್ತು ಎಂಬುದೇ ಮುಖ್ಯ.

ಕಟ್ಟೆಯಲ್ಲಿ ಮೂರು ಪಂಗಡಗಳಿದ್ದವು. ಕುಮಾರಸ್ವಾಮಿಯವರೇ ಸರಿ, ಜನ ಸೇರುವುದು ಅವರ ಮುಖ ನೋಡಿ ಎಂದು ಒಂದು. ಅವರ ಮಗ ನಿಖಿಲ್ ಆಗಲಿ, ಹುಡುಗರು ಪಕ್ಷಕ್ಕೆ ಬರುತ್ತಾರೆ ಎಂದು ಇನ್ನೊಂದು. ಇದರಲ್ಲಿ ಮೀಸೆ ಮೂಡುತ್ತಿದ್ದವರೇ ಹೆಚ್ಚು. ಮನೆಯವರು ಮುಖ್ಯಮಂತ್ರಿಯಾಗಲಿ, ಪ್ರಧಾನಿಯಾಗಲಿ, ಪಕ್ಷದ ಕುರ್ಚಿಯನ್ನಾದರೂ ಹೊರಗಿನವರಿಗೆ ಬಿಡಲಿ ಎಂದು ಮೂರನೆಯದು. ಇವರು ಹೊರಗಿನವರಿಗೆ ಆ ಕುರ್ಚಿ ಸಿಕ್ಕಿದ್ದೂ ಉಂಟು ಎಂಬುದನ್ನು ಬೆರಳು ಮಡಿಸಿ ಎಣಿಸಿದರು: ಸಿದ್ದರಾಮಯ್ಯ, ಎ.ಎಚ್. ವಿಶ್ವನಾಥ್, ಎಚ್.ಕೆ. ಕುಮಾರಸ್ವಾಮಿ, ಇಬ್ರಾಹಿಂ. ಮೊದಲ ಪಂಗಡದವನೊಬ್ಬ ಅದೇ ಬೆರಳುಗಳನ್ನು ಬಿಡಿಸುತ್ತಾ, "ಅವರಲ್ಲಿ ಈಗ ಎಷ್ಟು ಜನ ನಮ್ಮ ತಾವು ಅವ್ರೆ ಏಳು ಮತ್ತೆ" ಎಂದ. ಎದುರುಗಡೆಯವನು, "ಯಾಕೆ ಇಲ್ಲ ಅಂತ ಅದನ್ನೂ ನೀನೇ ಏಳು" ಎಂದ. ಈ ಎರಡು ಪ್ರಶ್ನೆಗಳಲ್ಲಿ ಆ ಪಕ್ಷದ ಚರಿತ್ರೆಯೆಲ್ಲ ಬಂದುಹೋಯಿತೆಂದು ನನಗೆ ತೋರಿತು.

ನಿವೃತ್ತ ಮೇಷ್ಟ್ರೊಬ್ಬರು ಮಧ್ಯೆ ಬಾಯಿ ಹಾಕಿ, ಇದು ಒಂದು ಪಕ್ಷದ ಕಾಯಿಲೆಯಲ್ಲವೆಂದು ವಿವರಿಸಿದರು. ಕಾಂಗ್ರೆಸ್ಸಿನ ರಾಜ್ಯಾಧ್ಯಕ್ಷರ ಹೆಸರು ದೆಹಲಿಯಿಂದ ಬರುತ್ತದೆ, 2020ರಲ್ಲಿ ಡಿ.ಕೆ. ಶಿವಕುಮಾರ್ ಅವರ ಹೆಸರು ಬಂದದ್ದೂ ಹಾಗೆಯೇ. ಬಿಜೆಪಿಯದೂ ದೆಹಲಿಯಿಂದಲೇ ಬರುತ್ತದೆ. ಇವರದು ಬೆಂಗಳೂರಿನಲ್ಲೇ ಆಗುತ್ತದೆಂಬುದು ಪ್ರಯಾಣದ ಖರ್ಚಿನ ಮಟ್ಟಿಗೆ ಉಳಿತಾಯ. "ಓಟು ಹಾಕಿ ಅಧ್ಯಕ್ಷರನ್ನು ಆರಿಸಿದ್ದನ್ನು ಇತ್ತೀಚೆಗೆ ನೋಡಿದ್ದೆಂದರೆ 2022ರಲ್ಲಿ. ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷತೆಗೆ ನಮ್ಮ ಖರ್ಗೆಯವರಿಗೆ 7,897, ತರೂರ್ ಅವರಿಗೆ 1,072. ಅಲ್ಲಿಯೂ ಓಟು ಪ್ರತಿನಿಧಿಗಳಿಗೆ, ಬಾವುಟ ಕಟ್ಟುವವನಿಗಲ್ಲ" ಎಂದು ಅವರು ಲೆಕ್ಕ ಒಪ್ಪಿಸಿದರು. ಬಾವುಟ ಕಟ್ಟುವವರೆಲ್ಲ ಒಂದು ಗಳಿಗೆ ಸುಮ್ಮನಾದರು.

ಆಗ ಕಟ್ಟೆಯ ಇನ್ನೊಂದು ತುದಿಯಿಂದ ಒಂದು ದನಿ ಬಂತು. "ಇಪ್ಪತ್ನಾಕು ವರ್ಸದ ಕೆಳಗೆ ಯಾವ ಚಪ್ಪರಕ್ಕೆ ಬರಾಕಿಲ್ಲ ಅಂದ್ರೋ, ಈವತ್ತು ಅದೇ ಚಪ್ಪರದಾಗೆ ಕುಂತವ್ರೆ. ಅಧ್ಯಕ್ಷರು ಯಾರಾದ್ರೇನು?"

ಎಲ್ಲರೂ ಮಾವನ ಕಡೆ ನೋಡಿದರು. ಮಾವ ಎದುರಿನ ಬೇವಿನ ಮರದ ಕಡೆ ನೋಡಿದ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಆ ದನಿಯ ಒಡೆಯರನ್ನು ಊರಿನವರು ಚಕ್ರದಣ್ಣ ಎನ್ನುತ್ತಾರೆ. ಅವರೂ ಮಾವನೂ ಒಂದೇ ಬದುವಿನ ಹೊಲದವರು, ಒಂದೇ ಸ್ಲೇಟಿನಲ್ಲಿ ಅಕ್ಷರ ಕಲಿತವರು. 1983ರಲ್ಲಿ ಜನತಾ ಪಕ್ಷ ಗೆದ್ದಾಗ ಇಬ್ಬರೂ ಸೈಕಲ್ ತುಳಿದುಕೊಂಡು ಊರೂರು ತಿರುಗಿದರಂತೆ. 1994ರಲ್ಲಿ ಜನತಾದಳಕ್ಕಾಗಿ ಹೋಬಳಿಯ ಗೋಡೆಗಳ ಮೇಲೆಲ್ಲ ಚಕ್ರ ಬರೆದದ್ದು ಈ ಇಬ್ಬರೇ. ಮಾವ ಸುಣ್ಣ ಬಳಿಯುವುದು, ಇವರು ಬರೆಯುವುದು. ಆ ವರ್ಷ ದೇವೇಗೌಡರು ಮುಖ್ಯಮಂತ್ರಿಯಾದರು. 1996ರಲ್ಲಿ ಪ್ರಧಾನಿಯಾದಾಗ ಇಬ್ಬರೂ ಸೇರಿ ಊರಿಗೆಲ್ಲ ಬೂಂದಿ ಹಂಚಿದರು.

1999ರಲ್ಲಿ ದಳ ಒಡೆಯಿತು. ಜೆ.ಎಚ್. ಪಟೇಲರು, ರಾಮಕೃಷ್ಣ ಹೆಗಡೆಯವರ ಕಡೆಯವರು ಸಂಯುಕ್ತ ಜನತಾದಳವೆಂದು ಬಿಜೆಪಿಯ ಜೊತೆ ಮೈತ್ರಿಗೆ ಹೋದರು. ದೇವೇಗೌಡರು ಅದನ್ನು ಒಪ್ಪದೆ ಜಾತ್ಯತೀತ ದಳ ಕಟ್ಟಿದರು. ಚುನಾವಣಾ ಆಯೋಗ ಚಕ್ರದ ಗುರುತನ್ನು ಇಬ್ಬರಿಗೂ ಕೊಡದೆ ಸ್ಥಗಿತಗೊಳಿಸಿತು. ಮಾವ ಗೌಡರ ಕಡೆ ನಿಂತ. ಚಕ್ರದಣ್ಣ ಪಟೇಲರ ಕಡೆ ನಿಂತರು. ಕಟ್ಟೆಯ ಮೇಲೆ ಅಧ್ಯಕ್ಷರು ಯಾರೆಂಬ ಇದೇ ಮಾತು ಹತ್ತಿ, ಒಬ್ಬರು ಇನ್ನೊಬ್ಬರ ನಾಯಕನನ್ನು ಅಂದು, ಕೊನೆಗೆ ಒಬ್ಬರನ್ನೊಬ್ಬರು ಅಂದುಕೊಂಡರು. ಆ ಚುನಾವಣೆಯಲ್ಲಿ ಪಟೇಲರ ದಳಕ್ಕೆ 18, ಗೌಡರ ದಳಕ್ಕೆ 10 ಸ್ಥಾನ ಬಂದು, 132 ಸ್ಥಾನ ಗೆದ್ದ ಕಾಂಗ್ರೆಸ್ಸು ಸರಕಾರ ಮಾಡಿತು. ಇಬ್ಬರೂ ಸೋತಿದ್ದರು. ಆದರೂ ಮಾತು ಹೋದದ್ದು ಹೋಯಿತು.

ಮೇಲಿನವರ ಕಥೆ ಹಾಗಲ್ಲ. ಜಾತ್ಯತೀತ ದಳದಿಂದ 2005ರಲ್ಲಿ ಹೊರಬಿದ್ದ ಸಿದ್ದರಾಮಯ್ಯನವರೂ ಆ ಪಕ್ಷದ ಹಿರಿಯರೂ 2018ರಲ್ಲಿ ಒಂದೇ ವೇದಿಕೆಯಲ್ಲಿ ಕೈ ಹಿಡಿದು ಎತ್ತಿದರು. 2006ರಲ್ಲಿ ಒಮ್ಮೆ ದಳವೂ ಬಿಜೆಪಿಯೂ ಕೂಡಿ ಸರಕಾರ ನಡೆಸಿ, ಮರುವರ್ಷವೇ ಮುರಿದುಕೊಂಡವು. 2023ರಲ್ಲಿ ಮತ್ತೆ ಕೂಡಿದವು. ರಾಜಕೀಯದಲ್ಲಿ ಅದು ತಪ್ಪೆಂದು ನಾನು ಹೇಳುವುದಿಲ್ಲ. ಕಾಲ ಬದಲಾದಂತೆ ಲೆಕ್ಕ ಬದಲಾಗಬೇಕು. ಆದರೆ ನಾಯಕರು ಕೂಡಿಕೊಂಡಾಗ ಅದರ ಸುತ್ತೋಲೆಯೊಂದನ್ನು ಇಂಥ ಬದುಗಳಿಗೂ ಕಳಿಸುವ ಏರ್ಪಾಡು ಯಾವ ಪಕ್ಷದ ನಿಬಂಧನೆಯಲ್ಲಿಯೂ ಇಲ್ಲ. ಈ ಇಬ್ಬರು 24 ವರ್ಷ ಒಂದೇ ಬದುವಿನ ಮೇಲೆ ಎದುರುಬದುರಾಗಿ ನಡೆದು, ದಾರಿ ಬಿಟ್ಟುಕೊಟ್ಟು, ಮಾತಾಡದೆ ಹೋಗುತ್ತಿದ್ದರು. ಚಕ್ರದಣ್ಣನ ಹೆಂಡತಿ ತೀರಿಕೊಂಡಾಗ ಮಾವ ಹೆಣಕ್ಕೆ ಹೆಗಲು ಕೊಟ್ಟು ಬಂದನಂತೆ. ಆಗಲೂ ಮಾತಾಡಲಿಲ್ಲ.

ಅಂದು ಕಟ್ಟೆಯಲ್ಲಿ ಆ ಚಪ್ಪರದ ಮಾತು ಬಂದಾಗ, ಮಾವ ಬೇವಿನ ಮರಕ್ಕೆ ಹೇಳುವವನಂತೆ, "ನಾನೇನು ಈ ಸಂಬಂಧ ಕೇಳಿದ್ನಾ? ನನ್ನ ಯಾರು ಕೇಳುದ್ರು?" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಗಂಟಲು ಮಾತ್ರ ಸ್ವಲ್ಪ ಕಟ್ಟಿತ್ತು.

ಆ ಮೌನವನ್ನು ಮುರಿದವನು ಡೇರಿಯಲ್ಲಿ ಹಾಲು ಅಳೆಯುವ ಹುಡುಗ. "ನಮ್ಮ ಡೇರಿಗೆ ಐದು ವರ್ಸಕ್ಕೊಂದು ಸಲ ಓಟಾಯ್ತದೆ. ಹಾಲಾಕೋ ಮೆಂಬರ್ರು ಡೈರೆಕ್ಟ್ರುನ ಆರುಸ್ತಾರೆ, ಡೈರೆಕ್ಟ್ರು ಅಧ್ಯಕ್ಷನ್ನ ಆರುಸ್ತಾರೆ. ಇನ್ನೂರು ಲೀಟ್ರು ಹಾಲಿಗೆ ಅಷ್ಟು ಕಾನೂನು ಇರುವಾಗ ಪಕ್ಷಕ್ಕೆ ಬ್ಯಾಡ್ವಾ? ಬನ್ನಿ, ಇಲ್ಲೇ ಓಟಾಕುವ" ಎಂದ. ಎಲ್ಲರೂ ನಕ್ಕರು, ಆದರೆ ನಗುತ್ತಲೇ ಒಪ್ಪಿದರು. ಯಾರದೋ ಮಗುವಿನ ನೋಟುಬುಕ್ಕಿನ ಹಾಳೆ ಹರಿದು ಚೀಟಿಗಳಾದವು. ಖಾಲಿ ಹಾಲಿನ ಕ್ಯಾನೇ ಮತಪೆಟ್ಟಿಗೆ. ಪೇಟೆಯವನಾದ ನಾನು ಚುನಾವಣಾಧಿಕಾರಿ.

ಒಂದು ತಕರಾರು ಬಂತು. ಚಕ್ರದಣ್ಣನವರು ಈ ಪಕ್ಷದವರಲ್ಲವಲ್ಲ, ಅವರಿಗೆ ಓಟುಂಟೇ? ನಾನು ಅಧಿಕಾರಿಯ ಗತ್ತಿನಿಂದ ಮಾವನ ಮುಖ ನೋಡಿದೆ. ಮಾವ, "ಕಟ್ಟೆ ಮೇಲೆ ಕುಂತೋರ್ಗೆಲ್ಲ ಓಟು" ಎಂದಷ್ಟೇ ಹೇಳಿ ಪೆನ್ನಿಗೆ ಕೈಚಾಚಿದ.

ಹದಿಮೂರು ಚೀಟಿ ಬಿದ್ದವು. ಬೀದಿದೀಪದ ಕೆಳಗೆ ಒಂದೊಂದಾಗಿ ಬಿಚ್ಚಿ ಓದಿದೆ. ಕುಮಾರಸ್ವಾಮಿಯವರಿಗೆ ಆರು. ನಿಖಿಲ್ ಅವರಿಗೆ ಮೂರು. ಜಿ.ಟಿ. ದೇವೇಗೌಡರಿಗೆ ಎರಡು. ಇಬ್ರಾಹಿಂ ಅವರಿಗೆ ಒಂದು. ಯಾರು ಹಾಕಿದರೆಂದು ಯಾರೂ ಕೇಳಲಿಲ್ಲ, ಅಷ್ಟು ಮರ್ಯಾದೆ ಕಟ್ಟೆಗೆ ಇತ್ತು. ಕೊನೆಯ ಚೀಟಿ ಬಿಚ್ಚಿದಾಗ ಓದಲು ತಡವಾಯಿತು. ಅದರಲ್ಲಿ ನನ್ನ ಮಾವನ ಹೆಸರಿತ್ತು.

ಕಟ್ಟೆಯೇ ಅಲುಗುವಂತೆ ನಗೆಯೆದ್ದಿತು. "ಓಹೋ, ರಾಜ್ಯಾಧ್ಯಕ್ಷರು!" ಎಂದು ಹುಡುಗರು ಹೆಗಲ ಮೇಲಿನ ಟವಲನ್ನೇ ಹಾರ ಮಾಡಿ ಹಾಕಿದರು. ಮಾವನೂ ನಕ್ಕ. ಆಮೇಲೆ ಆ ಚೀಟಿಯನ್ನು ನನ್ನ ಕೈಯಿಂದ ಇಸಕೊಂಡು, ದೀಪಕ್ಕೆ ಹಿಡಿದು ನೋಡಿ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಚಕ್ರದಣ್ಣ ಆ ವೇಳೆಗೆ ಟಾರ್ಚು ಹಿಡಿದು ಮನೆಯ ದಾರಿ ಹಿಡಿದಿದ್ದರು.

ಮನೆಗೆ ಹೋಗುವಾಗ ನಾನು ತಡೆಯಲಾರದೆ, "ಯಾರು ಬರೆದದ್ದು ಮಾವ?" ಎಂದೆ.

"ಗೋಡೆ ಬರೆಯೋ ಕೈ ಕನಪ್ಪ ಅದು. ತಲೆಕಟ್ಟು ದಪ್ಪ ಎಳೀತಾನೆ. ಸುಣ್ಣ ಬಳಿದೋನಿಗೆ ಗೊತ್ತಾಗಾಕಿಲ್ವಾ?"

ಮುಂದೆ ಅವನು ಏನೂ ಹೇಳಲಿಲ್ಲ. ಊಟಕ್ಕೆ ಕುಳಿತಾಗಲೂ ಹೇಳಲಿಲ್ಲ. ರಾತ್ರಿ ಬಹಳ ಹೊತ್ತು ಜಗಲಿಯ ಮೇಲೆ ಹೊರಳಾಡುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಬೆಳಿಗ್ಗೆ ಹಾಲು ಹಾಕಲು ಅವನ ಜೊತೆ ನಾನೂ ಡೇರಿಗೆ ಹೋದೆ. ಸಾಲಿನಲ್ಲಿ ನಮ್ಮ ಮುಂದೆ ಚಕ್ರದಣ್ಣ ನಿಂತಿದ್ದರು. ಅವರ ಹಾಲು ಅಳೆದು, ಪರೀಕ್ಷೆಯಾಗಿ, ಚೀಟಿ ಕೈಗೆ ಬಂತು. ಅವರು ತಿರುಗಿ ಹೊರಡುವಷ್ಟರಲ್ಲಿ ಮಾವ ಪಾತ್ರೆಯನ್ನು ನೋಡುತ್ತಾ, "ಫ್ಯಾಟೆಷ್ಟು ಬಂತು?" ಎಂದ.

ಸಾಲಿನಲ್ಲಿದ್ದವರೆಲ್ಲ ಉಸಿರು ಹಿಡಿದರೆಂದು ನನಗನ್ನಿಸಿತು. ಚಕ್ರದಣ್ಣ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ನಾಕು ಅಂತವ್ನೆ. ಇವನ ಮಿಷಿನ್ನು ನಂಬಂಗಿಲ್ಲ" ಎಂದರು.

"ನಂದ್ಕೂ ಮೊನ್ನೆ ಕಮ್ಮಿ ತೋರುಸ್ತು" ಎಂದ ಮಾವ.

ಇಷ್ಟೇ ಮಾತು. 1999ರಲ್ಲಿ ನಿಂತದ್ದು 2023ರಲ್ಲಿ ಹೀಗೆ ಶುರುವಾಯಿತು. ಇದರಲ್ಲಿ ಸಿದ್ಧಾಂತವಿರಲಿಲ್ಲ, ಮೈತ್ರಿಯ ಷರತ್ತುಗಳಿರಲಿಲ್ಲ, ಸ್ಥಾನ ಹಂಚಿಕೆಯೂ ಇರಲಿಲ್ಲ.

ಅದಾದ ಮೇಲೆ ನವೆಂಬರಿನಲ್ಲಿ ಬಿಜೆಪಿಗೂ ಹೊಸ ರಾಜ್ಯಾಧ್ಯಕ್ಷರಾದರು, ಬಿ.ವೈ. ವಿಜಯೇಂದ್ರ. ಅವರ ತಂದೆ ಯಡಿಯೂರಪ್ಪನವರು ಹುಟ್ಟಿದ್ದು ಇದೇ ತಾಲ್ಲೂಕಿನ ಬೂಕನಕೆರೆಯಲ್ಲಿ. ಹೀಗಾಗಿ ಕಟ್ಟೆಯವರಿಗೆ ಆ ನೇಮಕದ ಮೇಲೂ ಹಕ್ಕು ಬಂದು, ಅದನ್ನೂ ಒಂದು ವಾರ ಚರ್ಚಿಸಿದರಂತೆ. 2024ರಲ್ಲಿ ಕುಮಾರಸ್ವಾಮಿಯವರು ಮಂಡ್ಯದಿಂದಲೇ ಲೋಕಸಭೆಗೆ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದಾಗ, ಹಾಗಾದರೆ ರಾಜ್ಯದಲ್ಲಿ ಪಕ್ಷವನ್ನು ನೋಡಿಕೊಳ್ಳುವವರು ಯಾರು ಎಂದು ಮತ್ತೆ ಮೊದಲಿನಿಂದ ಆರಂಭಿಸಿದರಂತೆ. ಆ ಸಲ ಚಕ್ರದಣ್ಣ ಕುಳಿತದ್ದು ಕಟ್ಟೆಯ ಈ ತುದಿಯಲ್ಲಿ, ಮಾವನ ಪಕ್ಕದಲ್ಲಿ. ಇಬ್ಬರೂ ಬೇರೆ ಬೇರೆ ಹೆಸರು ಹೇಳಿ ಜಗಳವಾಡಿ, ಒಂದೇ ಟಾರ್ಚಿನ ಬೆಳಕಿನಲ್ಲಿ ಮನೆಗೆ ಹೋದರೆಂದು ಮಾವನ ಮಗ ಫೋನಿನಲ್ಲಿ ಹೇಳಿದ.

ರಾಜ್ಯಾಧ್ಯಕ್ಷರು ಯಾರಾಗಬೇಕೆಂದು ಶೀಳನೆರೆಯನ್ನು ಕೇಳಿ ಯಾವ ಪಕ್ಷದಿಂದಲೂ ಕಾಗದ ಬಂದಿಲ್ಲ. ಬಂದರೆ ಉತ್ತರ ಕೊಡಲು ಹದಿಮೂರು ಜನ ಸಿದ್ಧರಿದ್ದಾರೆ. ಅಲ್ಲಿಯವರೆಗೆ ಮಾವನ ಜೇಬಿನಲ್ಲಿ ಒಂದು ಚೀಟಿ ಇದೆ. ಅಂಗಿ ಒಗೆಯುವ ಮುನ್ನ ಅದನ್ನು ತೆಗೆದಿಟ್ಟು, ಒಣಗಿದ ಮೇಲೆ ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾನೆಂದು ಅತ್ತೆ ಹೇಳುತ್ತಾಳೆ.