ಗಡಂಗು, ಗೋಡೌನ್ ಮತ್ತು ಅಮ್ಮನ ತುಪ್ಪೆ

ಆಫೀಸಿನಲ್ಲಿ ಈಗ ಗೋಡೌನ್ ಸಾಫ್ಟ್‌ವೇರಿನ ಕೆಲಸ. ಕ್ಲೈಂಟ್ ಡೆನ್ಮಾರ್ಕಿನವರು. ಎಷ್ಟು ಸರಕು ಬಂತು, ಯಾವ ಸಾಲಿನಲ್ಲಿದೆ, ಯಾವಾಗ ಹೊರಗೆ ಹೋಗಬೇಕು... ಇಷ್ಟೇ ಅದರ ಹೂರಣ. ಸ್ಕ್ರೀನಿನ ಮೇಲೆ ಬರುವ ಪದಗಳ ಪಟ್ಟಿಯೊಂದಿದೆ, ಒಂದು ಕಾಲಮ್ಮಿನಲ್ಲಿ ಇಂಗ್ಲಿಷ್, ಪಕ್ಕದಲ್ಲಿ ಡೇನಿಷ್. ಮಣಿಪಾಲದ ಜಡಿಮಳೆಯಲ್ಲಿ ಕೂತು ಅದನ್ನೇ ನೋಡುತ್ತಾ ನನಗೆ ಮೂರನೇ ಕಾಲಮ್ ಹಾಕುವ ಹುಚ್ಚು ಹತ್ತಿತು, ಕನ್ನಡದ್ದು. (ಯಾರೂ ಕೇಳಿರಲಿಲ್ಲ ಬಿಡಿ :-))

ಮೊದಲ ಪದವೇ ಮಜವಾಗಿತ್ತು. ಇಂಗ್ಲಿಷಿನ ವೇರ್‌ಹೌಸಿಗೆ ಡೇನಿಷಿನಲ್ಲಿ 'ಲಾಗರ್'. ಹೌದು, ಬಿಯರ್ ಬಾಟಲಿಯ ಮೇಲಿರುವ ಅದೇ ಲಾಗರ್! ಮೂಲ ಜರ್ಮನ್, ದಾಸ್ತಾನು, ದಾಸ್ತಾನಿಡುವ ಜಾಗ ಅಂತ ಅರ್ಥ. ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡುವ ಬಿಯರಿಗೆ ಆ ಇಡುವುದರದ್ದೇ ಹೆಸರು ಬಿತ್ತು. ಬಂದರಿನ ಹಳೇ ಗೋದಾಮುಗಳಿಗೆ 'ಪಾಕ್‌ಹೂಸ್' ಅನ್ನುತ್ತಾರೆ, ನಾವು ಮೂಟೆಮನೆ ಅನ್ನಬಹುದು. 'ವಾರೆಹೂಸ್' ಕಂಡ ತಕ್ಷಣ ವೇರ್‌ಹೌಸ್ ಅಂದುಕೊಂಡರೆ ಕೆಟ್ಟಿರಿ, ಅದು ಎಲ್ಲಾ ಸಾಮಾನು ಸಿಗುವ ದೊಡ್ಡ ಅಂಗಡಿ. 'ಮಗಸೀನ್' ಕೂಡ ಹಾಗೇ. ಅರಬ್ಬಿಯಲ್ಲಿ 'ಮಖ್ಜನ್' ಅಂದರೆ ಉಗ್ರಾಣ. ಯುರೋಪಿಗೆ ಹೋಗಿ ಮದ್ದುಗುಂಡಿನ ಕೋಣೆಯಾಯಿತು, ಬರಹಗಳ ಕಣಜ ಎಂಬ ಅರ್ಥದಲ್ಲಿ ನಾವು ಓದುವ ಮ್ಯಾಗಜಿನ್ ಆಯಿತು, ಕೋಪನ್‌ಹೇಗನ್ನಿನ ಹೆಸರುವಾಸಿ ಮಳಿಗೆ 'ಮಗಸೀನ್ ದು ನೋರ್' ಕೂಡ ಆಯಿತು. ಇಂಗ್ಲಿಷಿನ 'ಸ್ಟೋರ್' ಕತೆಯೂ ಇದೇ. ಕೂಡಿಡುವ ಜಾಗ ನಿಧಾನಕ್ಕೆ ಮಾರುವ ಜಾಗವಾಗಿಬಿಟ್ಟಿತು.

ನಾವೇನು ಕಮ್ಮಿಯೇ? ಉಡುಪಿ, ಮಂಗಳೂರು ಕಡೆ 'ಗಡಂಗ್' ಅಂದರೆ ಕಳ್ಳು-ಸಾರಾಯಿಯ ಅಂಗಡಿ. ಮನೆಯಲ್ಲಿ ಆ ಶಬ್ದ ಬಂದರೆ ದೊಡ್ಡವರ ದನಿ ತಗ್ಗುತ್ತದೆ. ಆದರೆ ಅದರ ಒಡಹುಟ್ಟುಗಳಾದ ತಮಿಳಿನ 'ಕಿಡಂಗು', ತೆಲುಗಿನ 'ಗಿಡ್ಡಂಗಿ' ಎರಡಕ್ಕೂ ಉಗ್ರಾಣ ಅಂತಲೇ ಅರ್ಥ. ಇದೇ ಮಾತು ಹಡಗು ಹತ್ತಿ ಮಲಯಕ್ಕೆ ಹೋಗಿ 'ಗುದಂಗ್' ಆಗಿ, ಪೋರ್ಚುಗೀಸರ, ಇಂಗ್ಲಿಷರ ಬಾಯಲ್ಲಿ ತಿರುಗಿ 'ಗೋಡೌನ್' ಆಗಿ ನಮಗೇ ವಾಪಸು ಬಂತು ಅನ್ನುತ್ತಾರೆ ಪದಗಳ ಬೆನ್ನು ಹತ್ತಿದವರು. ಗಡಂಗಿಗೂ ಗೋಡೌನಿಗೂ ಒಂದೇ ತವರು! ಅಂದ ಹಾಗೆ, ಡೇನರೂ 1620ರಿಂದ 1845ರವರೆಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿ ವ್ಯಾಪಾರ ಮಾಡಿದವರು. ಕಿಡಂಗು ಅವರ ಕಿವಿಗೂ ಬಿದ್ದಿರಬೇಕು.

ಇಷ್ಟಾದರೂ ಮೂರನೇ ಕಾಲಮ್ಮಿನಲ್ಲಿ ನನಗೆ ಬಂದದ್ದು ಗೋದಾಮು, ಉಗ್ರಾಣ, ಕಣಜ ಅಷ್ಟೇ. ಕಾಪುವಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಕೇಳಿದೆ. "ಎಂತದ್ದು ಇಡ್ಲಿಕ್ಕೆ, ಅದು ಹೇಳು ಮೊದಲು" ಅಂದಳು.

ಭತ್ತಕ್ಕಾದರೆ ತುಪ್ಪೆ. ಕುಂದಾಪುರದ ಕಡೆ ತಿರಿ ಅನ್ನುವುದು ಇದಕ್ಕೇ. ಬೈಹುಲ್ಲಿನ ದಪ್ಪ ಹಗ್ಗ ಸುತ್ತುತ್ತಾ, ಒಳಗೆ ಭತ್ತ ತುಂಬುತ್ತಾ ಮೇಲೇರಿಸಿ, ತಲೆಗೆ ಹುಲ್ಲು ಮುಚ್ಚುವುದು. ಅಕ್ಕಿಗೆ ಮುಡಿ. ಬೈಹುಲ್ಲಿನೊಳಗೆ ಅಕ್ಕಿ ಹಾಕಿ, ಬಡಿದು ಗುಂಡಗೆ ಮಾಡಿ, ಹಗ್ಗ ಬಿಗಿಯುವುದು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಕಟ್ಟೂ ಅದೇ, ಅಳತೆಯೂ ಅದೇ. ಗದ್ದೆಯನ್ನೂ ಇಷ್ಟು ಮುಡಿಯದ್ದು ಅಂತಲೇ ಹೇಳುತ್ತಿದ್ದರು. ದೊಡ್ಡ ಮನೆಗಳಲ್ಲಿ ಮರದ ಪತ್ತಾಯ. ತೆಂಗಿನಕಾಯಿಗೆ ಅಟ್ಟ, ಉಪ್ಪಿನಕಾಯಿಗೆ ಭರಣಿ, ಸೌತೆಕಾಯಿಯನ್ನು ಮಾಡಿಗೆ ನೇತುಹಾಕುವುದು. ಧಾರವಾಡ ಕಡೆಯ ಗೆಳೆಯನೊಬ್ಬ ತನ್ನದೊಂದು ಸೇರಿಸಿದ: ಹಗೇವು. ನೆಲ ತೋಡಿ ಒಳಗೆ ಜೋಳ ತುಂಬುವುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮೂರಲ್ಲಿ ಹಗೇವು ತೋಡಿದರೆ ಅದಕ್ಕೆ ಬಾವಿ ಅಂತ ಹೆಸರಿಡಬೇಕಾದೀತು!

ಅಮ್ಮನ ತವರು ಕಾರ್ಕಳದ ಹತ್ತಿರ. ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಕಟ್ಟಿದ ಮುಡಿಗಳಲ್ಲಿ ಮೊದಲು ದಣಿಗಳ ಮನೆಗೆ ಹೋಗಬೇಕಾದ್ದನ್ನು ಎಣಿಸಿ ಬೇರೆ ಇಡುತ್ತಿದ್ದರಂತೆ. ಮನೆಯವರ ಪಾಲು ಆಮೇಲೆ. 1974ರ ಭೂಸುಧಾರಣೆ ಕಾಯ್ದೆ ಬಂದು, ಅಜ್ಜ ಡಿಕ್ಲರೇಶನ್ ಕೊಟ್ಟು, ಗದ್ದೆ ಅವರ ಹೆಸರಿಗೆ ಆಯಿತು. "ಆ ವರ್ಷದ ತುಪ್ಪೆ ಮಳೆಗಾಲ ಮುಗಿದ್ರೂ ಪೂರ್ತಿ ಖಾಲಿ ಆಗ್ಲಿಲ್ಲ" ಅಂದಳು ಅಮ್ಮ. ಆಗ ಅವಳು ಚಿಕ್ಕ ಹುಡುಗಿ. ಭತ್ತ ಮುಗಿಯದೇ ಇದ್ದದ್ದನ್ನು ಇವತ್ತಿಗೂ ಹಬ್ಬದ ಹಾಗೆ ನೆನಪಿಟ್ಟಿದ್ದಾಳೆ. ನನ್ನ ಸಾಫ್ಟ್‌ವೇರಿನಲ್ಲಿ ಸರಕು ಹಾಗೆ ಬಹಳ ದಿನ ಉಳಿದರೆ ಕೆಂಪು ಬಣ್ಣದ ಎಚ್ಚರಿಕೆ ಬರುತ್ತದೆ.

ಈಗ ಅಲ್ಲಿ ತುಪ್ಪೆ ಇಲ್ಲ. ಗದ್ದೆಗೆ ಕಟಾವಿನ ಮೆಶಿನ್ ಬರುತ್ತದೆ, ಭತ್ತ ಅಲ್ಲಿಂದಲೇ ಮಿಲ್ಲಿಗೆ. ಮೆಶಿನಿನಲ್ಲಿ ಪುಡಿಯಾದ ಹುಲ್ಲಿನಿಂದ ಹಗ್ಗ ಹೊಸೆಯಲು ಆಗುವುದಿಲ್ಲ. ತುಪ್ಪೆ ಹೋಯಿತು, ಅದರ ಹಿಂದೆಯೇ ಶಬ್ದವೂ ಹೊರಟಿದೆ. ನನ್ನ ತಮ್ಮನಿಗೆ ತುಪ್ಪೆ ಅಂದರೆ ಏನೂಂತ ಗೊತ್ತಿಲ್ಲ.

ಹಾಗಾದರೆ ಉಗ್ರಾಣ ಯಾಕೆ ಉಳಿಯಿತು? ನಮ್ಮ ಕಡೆ ದೇವಸ್ಥಾನದಲ್ಲಿ ಬ್ರಹ್ಮಕಲಶ ಅಂದರೆ ಮೊದಲು ಉಗ್ರಾಣ ಮುಹೂರ್ತ. ಆಮೇಲೆ ಊರೂರಿನಿಂದ ಹೊರೆಕಾಣಿಕೆ ಬಂದು ಅದನ್ನು ತುಂಬಿಸುತ್ತದೆ: ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಗೊನೆ, ರಾಶಿ ರಾಶಿ ತರಕಾರಿ. 2025ರಲ್ಲಿ ಕಾಪು ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವಕ್ಕೂ ಹಾಗೇ ಬಂತು. ಉಡುಪಿ ಕೃಷ್ಣಮಠದಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ಬದಲಾಗುವ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ, ಹೀಗೆ ಒಂದೊಂದಕ್ಕೂ ಒಂದೊಂದು ಮುಹೂರ್ತ. ಸೌದೆಯನ್ನಂತೂ ಮಧ್ವಸರೋವರದ ಬಳಿ ರಥದ ಆಕಾರಕ್ಕೇ ಪೇರಿಸುತ್ತಾರೆ. ನೂರಾರು ಜನ ಸೇರಿ ತುಂಬಿಸಿ, ಸಾವಿರಾರು ಜನ ಕೂತು ಉಂಡು ಖಾಲಿ ಮಾಡುವ ಜಾಗ ಅದು. ಅಲ್ಲಿ ಉಗ್ರಾಣವನ್ನು ಯಾರೂ ಗೋಡೌನ್ ಅನ್ನುವುದನ್ನು ನಾನು ಕೇಳಿಲ್ಲ.

ಮೂರನೇ ಕಾಲಮ್ ಅಂತೂ ತುಂಬಿತು. ಒಂದೇ ಇಂಗ್ಲಿಷ್ ಪದದ ಎದುರು ಎಂಟು-ಒಂಬತ್ತು ಕನ್ನಡ, ತುಳು ಪದಗಳು. ಆಫೀಸಿಗೆ ಉಪಯೋಗ ಇಲ್ಲ, ಅದಕ್ಕೇ ಇಲ್ಲಿ ಹಾಕಿದ್ದೇನೆ. ಮೈಸೂರು, ಮಲೆನಾಡು, ಬಯಲುಸೀಮೆಯ ಗೆಳೆಯರೇ, ನಿಮ್ಮ ಮನೆಗಳಲ್ಲಿ ರಾಗಿ, ಜೋಳ, ಅಡಿಕೆ ಎಲ್ಲಿ ಇಡುತ್ತಿದ್ದರು? ಹೆಸರಿನ ಜೊತೆಗೆ, ಅದರೊಳಗಿನದ್ದು ಯಾರ ಪಾಲಿಗೆ ಹೋಗುತ್ತಿತ್ತು ಅಂತಲೂ ಬರೆಯಿರಿ. ಪಟ್ಟಿಗೆ ಸೇರಿಸುತ್ತೇನೆ.